ಹಿತ್ತಿಲಿನಿಂದ ಹಿತ್ತಿಲಿಗೆ

ಹೂವಿನ ಗಿಡವನ್ನು ಹಣ ತೆತ್ತು ಕೊಳ್ಳುವ ಪದ್ಧತಿ ನಮ್ಮ ಕಡೆಯ ಸಂಸಾರಗಳಲ್ಲಿ ಬಹಳ ಹಳೆಯದೇನೂ ಅಲ್ಲ. ಸೊಪ್ಪು ತರಕಾರಿಗಳ ಬೀಜವನ್ನು ಸಂತೆಯಿಂದ ತರುತ್ತಿದ್ದರು. ತೆಂಗಿನ ಸಸಿಯನ್ನು ತೋಟದವರಿಂದ ಕೊಳ್ಳುತ್ತಿದ್ದರು. ಹೂವಿನ ಗಿಡ ಮಾತ್ರ ಕೇಳಿ ಪಡೆಯತಕ್ಕ ವಸ್ತುವಾಗಿದ್ದಿತು. ಅರಿಶಿನ ಕುಂಕುಮಕ್ಕೆಂದು ಹೋದವರು ಹೊರಡುವ ಮುನ್ನ ಹಿತ್ತಿಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, “ಇದರದೊಂದು ಕಡ್ಡಿ ಕೊಡುತ್ತೀರಾ?” ಎಂದರೆ ಮನೆಯಾಕೆ ಇಲ್ಲವೆನ್ನುತ್ತಿರಲಿಲ್ಲ. ಅಡಿಗೆಯ ಮನೆಯ ಚಾಕುವನ್ನೇ ತಂದು ಒಂದು ರೆಂಬೆಯನ್ನು ಕೊಯ್ದು, ಒದ್ದೆಯ ಬಾಳೆಪಟ್ಟೆಯಲ್ಲಿ ಸುತ್ತಿ, ತಾಂಬೂಲದೊಡನೆ ಕೈಗಿಡುತ್ತಿದ್ದಳು. ಮೈಸೂರಿನ ನಮ್ಮ ಮನೆಯ ಹಿಂದೆ ಈಗ ಹದಿನಾಲ್ಕು ಹೂವಿನ ಪೊದೆಗಳಿವೆ. ಅವುಗಳಲ್ಲಿ ಹಣ ಕೊಟ್ಟು ತಂದುವು ಎರಡೇ. ಆ ಎರಡೂ ಅಷ್ಟೊಂದು ಚೆನ್ನಾಗಿ ಬೆಳೆದಿಲ್ಲವೆಂಬುದನ್ನು ಸ್ವಲ್ಪ ಸಂತೋಷದಿಂದಲೇ ಹೇಳುತ್ತೇನೆ.

ಹೀಗೆ ಬಂದ ಗಿಡಗಳಿಗೆ ಮನೆಯಲ್ಲಿ ಕೊಟ್ಟವರ ಹೆಸರೇ ನಿಲ್ಲುತ್ತದೆ. ಮೇಷ್ಟರ ಮನೆಯ ದಾಸವಾಳ, ಪೋಸ್ಟ್‌ಮಾಸ್ಟರರ ಗಂಧರಾಜ, ಮೂಲೆಮನೆ ಅಜ್ಜಿಯ ನಂದಿಬಟ್ಟಲು ಎಂದು ನಾವು ಕರೆಯುತ್ತೇವೆ. ಮೇಷ್ಟರು ಊರು ಬಿಟ್ಟು ಹೋಗಿ ಎಷ್ಟೋ ವರ್ಷಗಳಾದುವು. ಮನೆಯ ಮಕ್ಕಳು ಅವರ ಮುಖವನ್ನೇ ಕಂಡಿಲ್ಲ. ಆದರೂ ಬೆಳಗಾದರೆ ಪೂಜೆಗೆ ಹೂವು ಬಿಡಿಸಲು ಹೋದವರು, “ಮೇಷ್ಟರದು ಇಂದು ಹನ್ನೊಂದು ಬಿಟ್ಟಿದೆ” ಎಂದು ಹೇಳಿಕೊಂಡೇ ಒಳಗೆ ಬರುತ್ತಾರೆ. ಇದು ಸೊಗಸಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಟ್ಟವರ ಹೆಸರು ಎಷ್ಟು ಪ್ರಿಯವಾದರೂ ಗಿಡದ ಸ್ವಂತ ಹೆಸರನ್ನು ತಿಳಿಯದೆ ಇರುವುದು ಕ್ಷೇಮವಲ್ಲ. ಗಿಡ ಕೈಯಿಂದ ಕೈಗೆ ಹೋಗುತ್ತದೆ, ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ; ಕಡ್ಡಿ ದಾರಿಯಲ್ಲಿ ಮಾರ್ಪಡುವುದಿಲ್ಲ, ಹೆಸರು ಮಾರ್ಪಡುತ್ತದೆ.

ಕಣಗಿಲೆಯನ್ನೇ ತೆಗೆದುಕೊಳ್ಳೋಣ. ಬರಿಯ ಕಣಗಿಲೆಯೆಂದರೆ ಕರವೀರ. ಕೆಂಪು, ಬಿಳಿ, ಗುಲಾಬಿ ಬಣ್ಣದ ಹೂಗಳನ್ನು ಗೊಂಚಲಾಗಿ ಬಿಡುವ, ಸಪೂರವಾದ ಉದ್ದೆಲೆಯ ಪೊದೆ. ಹಳದಿಯ ಗಂಟೆಯಂತಹ ಹೂವನ್ನು ಬಿಡುವ ಇನ್ನೊಂದು ಗಿಡವನ್ನೂ ಕಣಗಿಲೆಯೆಂದೇ ಕರೆಯುತ್ತಾರೆ. ದೇವಸ್ಥಾನದ ಅಂಗಳದಲ್ಲಿ ದಪ್ಪ ಕೊಂಬೆಗಳನ್ನು ಚಾಚಿ ನಿಲ್ಲುವ ಹಾಲುಸಂಪಿಗೆಗೆ ದೇವಕಣಗಿಲೆಯೆಂದು ಇನ್ನೊಂದು ಹೆಸರುಂಟು. ಮೊಣಕಾಲೆತ್ತರದಲ್ಲಿ ವರ್ಷವೆಲ್ಲ ಹೂ ಬಿಡುವ ನಿತ್ಯಮಲ್ಲಿಗೆಯನ್ನು ಕಾಶಿಕಣಗಿಲೆ ಎನ್ನುವವರು ಬಹುಮಂದಿ. ನಾಲ್ಕೂ ಬೇರೆ ಬೇರೆ ಗಿಡಗಳು. ಆದರೂ ಹಿಂದಿನವರು ಸುಮ್ಮನೆ ಒಂದೇ ಹೆಸರನ್ನು ಕೊಟ್ಟರೆಂದು ಹೇಳುವಂತಿಲ್ಲ. ಸಸ್ಯಶಾಸ್ತ್ರಜ್ಞರೂ ಈ ನಾಲ್ಕನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಎಲೆಯನ್ನೋ ರೆಂಬೆಯನ್ನೋ ಮುರಿದರೆ ಹಾಲು ಒಸರುವುದು ಆ ಕುಟುಂಬದ ಲಕ್ಷಣ. ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಮೆ. ನಂದಿಬಟ್ಟಲೂ ಇವುಗಳ ದಾಯಾದಿಯೇ.

ಹೆಸರು ಒಂದೇ ಆದುದರಿಂದ ಏನು ನಷ್ಟವೆಂದು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಬ್ಬ ಗೃಹಿಣಿ ಒಂದು ಬುಟ್ಟಿಯನ್ನು ಹಿಡಿದುಕೊಂಡು ಬಂದು, “ಅಕ್ಕಾ, ನಿಮ್ಮ ಗೇಟಿನ ಹತ್ತಿರದ ಕಣಗಿಲೆಯ ಎಲೆ ಹತ್ತು ಬಿಡಿಸಿಕೊಳ್ಳಲೇ? ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ, ಕಣಗಿಲೆಯ ಎಲೆಯ ಕಷಾಯ ಒಳ್ಳೆಯದೆಂದು ಯಾರೋ ಹೇಳಿದರಂತೆ” ಎಂದು ಕೇಳಿದರು. ಹೇಳಿದವರ ಮನಸ್ಸಿನಲ್ಲಿದ್ದುದು ಕಾಶಿಕಣಗಿಲೆ. ಸಕ್ಕರೆ ಕಾಯಿಲೆಗೆ ಅದನ್ನು ನಾಟಿ ಮದ್ದಾಗಿ ಬಳಸುವವರಿದ್ದಾರೆ. ನಮ್ಮ ಗೇಟಿನ ಬಳಿಯಲ್ಲಿದ್ದುದು ಕರವೀರ. ಅದರ ಎಲೆ, ಹೂ, ತೊಗಟೆ, ಬೇರು ಎಲ್ಲವೂ ವಿಷ; ಆ ವಿಷ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಳದಿಯದೂ ಹಾಗೆಯೇ, ಅದರ ಬೀಜವಂತೂ ಅತ್ಯಂತ ಅಪಾಯಕರ. ನಾನು ಆಕೆಯನ್ನು ಕುಳ್ಳಿರಿಸಿಕೊಂಡು ವಿಷಯವನ್ನು ತಿಳಿಸಿದೆನು. ಆಕೆಯ ಮುಖ ಬಿಳಿಚಿಕೊಂಡಿತು. ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಮನೆಗೆ ಓಡಿದರು. ಮೊದಲೇ ಯಾರಾದರೂ ಬೇರೆ ಕಡೆಯಿಂದ ಎಲೆ ತಂದು ಒಲೆಯ ಮೇಲೆ ಇಟ್ಟಿದ್ದರೋ ಏನೋ ಎಂಬ ಭಯ. ಪುಣ್ಯಕ್ಕೆ ಇಟ್ಟಿರಲಿಲ್ಲ. ಕಾಶಿಕಣಗಿಲೆಯನ್ನಾದರೂ ಮನೆಮದ್ದೆಂದು ಕುದಿಸಿ ಕುಡಿಯತಕ್ಕದ್ದಲ್ಲ. ಆ ಗಿಡದಿಂದ ರಕ್ತದ ಅರ್ಬುದಕ್ಕೆ ಔಷಧಗಳನ್ನು ತೆಗೆಯುತ್ತಾರೆಂಬುದು ನಿಜ. ಅಂತಹ ಬಲವುಳ್ಳ ವಸ್ತುವನ್ನು ಅಳತೆಯಿಲ್ಲದೆ ಸೇವಿಸಬಾರದೆಂಬುದಕ್ಕೆ ಅದೇ ಸಾಕ್ಷಿ. ಅಂದಿನಿಂದ ನಾನು ಕರವೀರದ ಕಡ್ಡಿಯನ್ನು ಕೊಡುವಾಗ ಅದರ ಗುಣವನ್ನೂ ಹೇಳಿಯೇ ಕೊಡುತ್ತೇನೆ. ಚಿಕ್ಕ ಮಕ್ಕಳಿರುವ ಮನೆಯಾದರೆ ಕೊಡುವುದೇ ಇಲ್ಲ.

ಈ ನಾಲ್ಕನ್ನು ಹೂವಿಲ್ಲದ ಕಾಲದಲ್ಲಿಯೂ ಗುರುತಿಸುವುದು ಕಷ್ಟವಲ್ಲ. ಕರವೀರದಲ್ಲಿ ಒಂದೊಂದು ಗಿಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲೆಗಳು ಸುತ್ತ ನಿಲ್ಲುತ್ತವೆ. ಹಳದಿಯದರಲ್ಲಿ ಒಂದಾದ ಮೇಲೊಂದರಂತೆ ರೆಂಬೆಯನ್ನು ಸುತ್ತಿಕೊಂಡು ಹೋಗುತ್ತವೆ. ಹಾಲುಸಂಪಿಗೆಯಲ್ಲಿ ಅಗಲವಾದ ಎಲೆಗಳೆಲ್ಲ ಕೊಂಬೆಯ ತುದಿಯಲ್ಲಿ ಗುಂಪುಗೂಡಿರುತ್ತವೆ. ಕಾಶಿಕಣಗಿಲೆಯಲ್ಲಿ ಮೃದುವಾದ ಸಣ್ಣ ಎಲೆಗಳು ಎದುರುಬದುರಾಗಿ, ನಡುವೆ ಒಂದು ಬಿಳುಪಾದ ನರದೊಡನೆ ಇರುತ್ತವೆ. ಹೂವನ್ನು ನೋಡಿ ಗಿಡವನ್ನು ಹೇಳುವುದು ಎಲ್ಲರಿಗೂ ಬರುತ್ತದೆ. ಎಲೆ ನಿಂತಿರುವ ಕ್ರಮವನ್ನು ನೋಡಿ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಈಗ ಕೈಯಲ್ಲಿರುವ ಫೋನಿಗೆ ಹೂವನ್ನು ತೋರಿಸಿದರೆ ಅದು ಹೆಸರನ್ನು ಹೇಳುತ್ತದೆ. ಮೊಮ್ಮಕ್ಕಳು ನನಗೆ ತೋರಿಸಿದ್ದಾರೆ. ಒಳ್ಳೆಯ ಯಂತ್ರವೇ. ಆದರೆ ಅದು ಎಲೆಯನ್ನು ಹಿಸುಕಿ ಮೂಸಲಾರದು, ತೊಟ್ಟನ್ನು ಮುರಿದು ಹಾಲಿದೆಯೇ ಎಂದು ನೋಡಲಾರದು.

ಹಾಲಿನ ಪರೀಕ್ಷೆ ಎಷ್ಟು ಉಪಯುಕ್ತವೆಂಬುದಕ್ಕೆ ಪೋಸ್ಟ್‌ಮಾಸ್ಟರರ ಗಂಧರಾಜವೇ ದೃಷ್ಟಾಂತ. ಅದು ನಮ್ಮ ಮನೆಗೆ ಬಂದಾಗ ಎಲೆಗಳು ಮಾತ್ರ ಇದ್ದುವು. ನೋಡಿದವರೆಲ್ಲರೂ ಸುತ್ತುಹೂವಿನ ನಂದಿಬಟ್ಟಲೆಂದೇ ಹೇಳಿದರು. ಎರಡಕ್ಕೂ ಎಲೆ ಎದುರುಬದುರು, ಕಡುಹಸಿರು, ಹೊಳಪು. ಎರಡರ ಹೂವೂ ಬಿಳಿ, ಹಲವು ಸುತ್ತು. ನಾನು ಒಂದು ಎಲೆಯನ್ನು ಮುರಿದೆನು. ಹಾಲು ಬರಲಿಲ್ಲ. ಅಷ್ಟರಿಂದಲೇ ನಂದಿಬಟ್ಟಲಲ್ಲವೆಂದು ತೀರ್ಮಾನವಾಯಿತು. ಎದುರುಬದುರಾದ ಎರಡು ಎಲೆಗಳ ಬುಡದ ನಡುವೆ ರೆಂಬೆಯನ್ನು ಅಪ್ಪಿಕೊಂಡ ಒಂದು ಸಣ್ಣ ಪೊರೆಯೂ ಇದ್ದಿತು. ಕಾಫಿಯ ತೋಟವನ್ನು ಕಂಡವರಿಗೆ ಈ ಪೊರೆ ಹೊಸದಲ್ಲ. ಕಾಫಿ, ಕೇಪಳ, ಗಂಧರಾಜ ಮೂರೂ ಒಂದೇ ಕುಟುಂಬ. ಮರಾಠಿಗರೂ ಕೊಂಕಣಿಗರೂ ಅನಂತವೆಂದು ಕರೆಯುವುದು ಈ ಗಂಧರಾಜವನ್ನೇ. ಇದರ ಇಂಗ್ಲಿಷು ಹೆಸರಾದ ಗಾರ್ಡೇನಿಯವು ತೋಟವೆಂಬ ಅರ್ಥದ ಗಾರ್ಡನ್ನಿನಿಂದ ಬಂದಿತೆಂದು ಬಹುಮಂದಿ ನಂಬಿದ್ದಾರೆ, ಹಾಗಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಪಟ್ಟಣದಲ್ಲಿದ್ದ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯನ ಗೌರವಾರ್ಥವಾಗಿ ಲಿನೇಯಸ್ ಪಂಡಿತನು ಇಟ್ಟ ಹೆಸರು ಅದು. ಮೇಷ್ಟರ ಮನೆಯ ದಾಸವಾಳವೆಂದು ನಾವು ಕರೆಯುವಂತೆಯೇ ಪಂಡಿತರೂ ಕರೆಯುತ್ತಾರೆಂದು ತಿಳಿದಾಗ ನನಗೆ ಬಹಳ ಸಮಾಧಾನವಾಯಿತು.

ಬೀಜದಿಂದ ಬೆಳೆದ ಗಿಡಕ್ಕೂ ಕಡ್ಡಿಯಿಂದ ಬೆಳೆದ ಗಿಡಕ್ಕೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಬೀಜದಿಂದ ಹುಟ್ಟಿದುದು ತಾಯಿಯ ಮಗು. ತಾಯಿಯನ್ನು ಹೋಲಬಹುದು, ಹೋಲದೆಯೂ ಇರಬಹುದು. ಕಡ್ಡಿಯಿಂದ ಬೆಳೆದುದು ಮಗುವಲ್ಲ, ತಾಯಿಯೇ. ಹೂ ಮಾರುವವರು ದೆಹಲಿ ಕನಕಾಂಬರವೆಂದು ಕರೆಯುವ ಕನಕಾಂಬರ ಬೀಜವನ್ನೇ ಕಟ್ಟುವುದಿಲ್ಲ. ಸಾಧಾರಣ ಕನಕಾಂಬರದ ಒಣಗಿದ ತೆನೆಗೆ ನೀರು ತಾಗಿದರೆ ಚಟಚಟನೆ ಸಿಡಿದು ಬೀಜ ಅಂಗಳವೆಲ್ಲ ಹರಡುತ್ತದೆ. ದೆಹಲಿಯದು ಮನುಷ್ಯನ ಕೈಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾರದು. ಕಾಗದದ ಹೂವೆಂದು ನಾವು ಕರೆಯುವ ಬೂಗನ್‌ವಿಲ್ಲೆಯಲ್ಲಿ ಮಿಸೆಸ್ ಬಟ್ ಎಂಬ ಕಡುಗೆಂಪು ಜಾತಿಯೊಂದುಂಟು. ಆ ಹೆಸರಿನ ಮಹಿಳೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಕಾರ್ಟಹೇನಾ ಪಟ್ಟಣದ ಒಂದು ತೋಟದಲ್ಲಿ ಅದನ್ನು ಕಂಡು 1910ರಲ್ಲಿ ಟ್ರಿನಿಡಾಡ್ ದ್ವೀಪಕ್ಕೆ ತಂದರು. ಇಂದು ಲೋಕದ ಬಿಸಿಲು ನಾಡುಗಳಲ್ಲೆಲ್ಲ ಆ ಜಾತಿ ಹಬ್ಬಿದೆ. ನಮ್ಮ ಬೀದಿಯ ಗೋಡೆಯ ಮೇಲೆ ಹಬ್ಬಿರುವುದೂ ಕಡ್ಡಿಯ ಕಡ್ಡಿಯ ಕಡ್ಡಿಯಾಗಿ ಬಂದ ಆ ಒಂದೇ ಗಿಡ. ಒಬ್ಬ ಹೆಂಗಸು ಇನ್ನೊಬ್ಬರ ತೋಟದಲ್ಲಿ ನಿಂತು ಮೆಚ್ಚಿದುದರ ಫಲ ಇದು.

ಇನ್ನು ನೆಡುವ ಕ್ರಮ. ಹೆಚ್ಚು ಹೇಳುವುದಿಲ್ಲ; ಓದುವ ಸೋದರಿಯರಲ್ಲಿ ಬಲ್ಲವರು ಬಹುಮಂದಿ. ಆರಿದ್ರೆ, ಪುನರ್ವಸು ಮಳೆಗಳ ಕಾಲ ಎಲ್ಲಕ್ಕಿಂತ ಒಳ್ಳೆಯದು. ದಾಸವಾಳಕ್ಕೆ ಸೀಸದಕಡ್ಡಿಯ ದಪ್ಪದ, ಎಳೆಯದೂ ಅಲ್ಲದ ಮುಪ್ಪಾದುದೂ ಅಲ್ಲದ ರೆಂಬೆಯನ್ನು ಗೇಣುದ್ದ ಕೊಯ್ಯಬೇಕು. ಕೆಳಗಿನ ತುದಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿಯೂ ಮೇಲಿನ ತುದಿಯನ್ನು ನೇರವಾಗಿಯೂ ಕೊಯ್ದರೆ, ಎರಡು ದಿನದ ಮೇಲೆ ನೆಡುವವರಿಗೂ ಬುಡ ಯಾವುದು ತಲೆ ಯಾವುದು ಎಂಬ ಸಂದೇಹವಿರುವುದಿಲ್ಲ. ತಲೆಕೆಳಗಾಗಿ ನೆಟ್ಟು, ಕೊಟ್ಟವರ ಕೈಗುಣವನ್ನು ಹಳಿದವರನ್ನು ನಾನು ಕಂಡಿದ್ದೇನೆ. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಎರಡನ್ನು ಅರ್ಧಕ್ಕೆ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ನೆಡಬೇಕು. ಮರಳು ಬೆರೆತ ಮಣ್ಣಾದರೆ ನೀರು ನಿಲ್ಲುವುದಿಲ್ಲ. ಬೇರು ಬಂದಿದೆಯೇ ಎಂದು ದಿನವೂ ಕಿತ್ತು ನೋಡುವ ಅಭ್ಯಾಸವನ್ನು ಬಿಟ್ಟರೆ ತಿಂಗಳೊಳಗೆ ಬೇರು ಬರುತ್ತದೆ. ಕರವೀರವಾದರೆ ನೀರಿನ ಸೀಸೆಯಲ್ಲಿಯೇ ಬೇರು ಬಿಡುತ್ತದೆ. ಹಾಲುಸಂಪಿಗೆಯದು ಇದಕ್ಕೆ ವಿರುದ್ಧವಾದ ಸ್ವಭಾವ. ಕೊಯ್ದ ಕೊಂಬೆಯನ್ನು ಒಂದೆರಡು ವಾರ ನೆರಳಿನಲ್ಲಿ ಹಾಗೆಯೇ ಬಿಟ್ಟು, ಹಾಲು ಆರಿ ಗಾಯ ಒಣಗಿದ ಮೇಲೆ ನೆಡಬೇಕು. ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ಗಂಧರಾಜಕ್ಕೆ ಗೂಟಿ ಕಟ್ಟುವುದು ಮೇಲು. ಮಲ್ಲಿಗೆಯ ರೆಂಬೆಯನ್ನು ಬಗ್ಗಿಸಿ ನಡುವೆ ಮಣ್ಣು ಮುಚ್ಚಿ ಒಂದು ಕಲ್ಲು ಹೇರಿದರೆ ಸಾಕು, ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ.

ಹಂಚಬಾರದ ಗಿಡಗಳೂ ಇವೆ. ಲಾಂಟಾನ ನಮ್ಮ ದೇಶಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ತೋಟಗಳ ಅಲಂಕಾರಕ್ಕಾಗಿ. ಅದರ ಬಣ್ಣಬಣ್ಣದ ಗೊಂಚಲನ್ನು ಮೆಚ್ಚಿ ಆಗ ಯಾರು ಯಾರಿಗೆ ಕೊಟ್ಟರೋ! ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆಗೂ ಒಯ್ದುವು. ಈಗ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲಿಗೂ ಎಡೆಯಿಲ್ಲದಂತೆ ಹಬ್ಬಿ ನಿಂತಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಾರೆ. ಅದು ಅವರ ಜಾಣತನ, ತಂದವರ ಪುಣ್ಯವಲ್ಲ.

ಗಿಡದ ಕಡ್ಡಿ ಕೊಟ್ಟವರಿಗೂ ತೆಗೆದುಕೊಂಡವರಿಗೂ ನಡುವೆ ಎಂತಹ ಬಿರುಕನ್ನು ತರಬಲ್ಲುದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆನು. ನಮ್ಮ ದೊಡ್ಡಮ್ಮನವರು ಮಡಿಕೇರಿಯಲ್ಲಿದ್ದರು. ಅವರ ಮನೆಯ ಮೆಟ್ಟಿಲುಗಳ ಎರಡು ಪಕ್ಕದಲ್ಲಿ ಹೈಡ್ರೇಂಜಿಯದ ಪೊದೆಗಳು. ಒಂದೊಂದು ಹೂಗೊಂಚಲೂ ಮಗುವಿನ ತಲೆಯಷ್ಟು ದೊಡ್ಡದು, ತಿಳಿನೀಲಿ. 1986ರಲ್ಲಿ ನಮ್ಮ ಅಣ್ಣನ ಮದುವೆಯಾಯಿತು. ಆ ಮಳೆಗಾಲದಲ್ಲಿ ಅತ್ತಿಗೆಯವರು ಮೊದಲ ಸಲ ಮಡಿಕೇರಿಗೆ ಹೋದರು. ಹೊಸ ಹೆಣ್ಣು, ಮೆಟ್ಟಿಲ ಬಳಿಯೇ ನಿಂತುಬಿಟ್ಟರು. ದೊಡ್ಡಮ್ಮ ನಕ್ಕು, “ನಿನಗೂ ಬೇಕೇನಮ್ಮಾ?” ಎಂದು ಆರು ಕಡ್ಡಿಗಳನ್ನು ಕೊಯ್ದು ಕೊಟ್ಟರು. ಅವರು ಆ ಗಿಡದ ಕಡ್ಡಿಯನ್ನು ಅದುವರೆಗೆ ಮನೆಯ ಯಾವ ಸೊಸೆಗೂ ಕೊಟ್ಟಿರಲಿಲ್ಲ. ಅತ್ತಿಗೆ ಅವನ್ನು ಮೈಸೂರಿನಲ್ಲಿ, ಅಣ್ಣ ಹೊಸದಾಗಿ ಕಟ್ಟಿಸಿದ ಮನೆಯ ಹಿಂದೆ ನೆಟ್ಟರು. ನಾಲ್ಕು ಬದುಕಿದುವು. 1988ರ ಬೇಸಗೆಯ ಕೊನೆಯಲ್ಲಿ ಮೊದಲ ಗೊಂಚಲು ಅರಳಿತು. ಅದು ಗುಲಾಬಿ ಬಣ್ಣದ್ದಾಗಿದ್ದಿತು.

ಅತ್ತಿಗೆ ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ಕಷ್ಟವಾಯಿತು. ತಮ್ಮ ತಂಗಿಯೊಡನೆ ಮಾತ್ರ, “ದೊಡ್ಡತ್ತೆ ಒಳ್ಳೆಯದನ್ನು ತಮಗಿಟ್ಟುಕೊಂಡು ಯಾವುದನ್ನೋ ಕೊಟ್ಟುಬಿಟ್ಟರು. ನಾನು ಹೊರಗಿನಿಂದ ಬಂದವಳಲ್ಲವೆ!” ಎಂದರಂತೆ. ಇಂತಹ ಮಾತಿಗೆ ಟಪಾಲಿನ ಅಗತ್ಯವಿಲ್ಲ. ಅದು ಮಡಿಕೇರಿಗೆ ತಲಪಿತು. ದೊಡ್ಡಮ್ಮ ಬಹಳ ನೊಂದರು. “ಎಪ್ಪತ್ತು ವರ್ಷದಲ್ಲಿ ಹಂಚುವುದರಲ್ಲಿ ನಾನು ಭೇದ ಮಾಡಿದವಳಲ್ಲ” ಎಂದು ಒಂದು ಸಲ ಹೇಳಿ, ಆಮೇಲೆ ಆ ಸುದ್ದಿಯನ್ನು ಎತ್ತಲಿಲ್ಲ. ಆದರೆ ಮೈಸೂರಿಗೆ ಬಂದಾಗ ಅಣ್ಣನ ಮನೆಯಲ್ಲಿ ಇಳಿಯುವುದನ್ನು ಬಿಟ್ಟರು.

ನಾನು ಆಗ ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರವನ್ನು ಪಾಠ ಹೇಳುತ್ತಿದ್ದೆನು. ಜಪಾನಿನಿಂದ ಲೋಕಕ್ಕೆಲ್ಲ ಹರಡಿದ ಈ ಗಿಡದ ಬಣ್ಣ ಮಣ್ಣನ್ನು ಅನುಸರಿಸುತ್ತದೆ. ಹುಳಿಗುಣದ ಮಣ್ಣಿನಲ್ಲಿ ಅಲ್ಯುಮಿನಿಯಮ್ ಕರಗಿ ಬೇರಿಗೆ ದೊರೆಯುತ್ತದೆ. ಹೂವಿನಲ್ಲಿರುವ ಬಣ್ಣದೊಡನೆ ಅದು ಸೇರಿದರೆ ನೀಲಿ. ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಅಲ್ಯುಮಿನಿಯಮ್ ಕರಗದೆ ಉಳಿಯುತ್ತದೆ, ಹೂ ಗುಲಾಬಿಯಾಗುತ್ತದೆ. ಬಿಳಿಯ ಜಾತಿಗಳು ಮಾತ್ರ ಎಲ್ಲಿದ್ದರೂ ಬಿಳಿ. ಮಡಿಕೇರಿಯ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಹಾಕುತ್ತದೆ. ಅಣ್ಣನ ಮನೆಯ ಹಿಂದೆ ಅತ್ತಿಗೆ ಪಾತಿ ಮಾಡಿದುದು, ಮನೆ ಕಟ್ಟುವಾಗ ಸುಣ್ಣ ಅರಳಿಸಿದ ಗುಂಡಿಯನ್ನು ಮುಚ್ಚಿದ್ದ ಜಾಗದಲ್ಲಿ! ಇದನ್ನೆಲ್ಲ ನಾನು ಅತ್ತಿಗೆಗೆ ವಿವರಿಸಿದೆನು. ಅವರು ಮರ್ಯಾದೆಯಿಂದ ಕೇಳಿದರು. “ಪುಸ್ತಕದಲ್ಲಿ ಹಾಗಿದ್ದೀತು” ಎಂದರು. ದೊಡ್ಡಮ್ಮನಿಗೆ ಹೇಳಿದರೆ ಅವರೂ ನಂಬಲಿಲ್ಲ. ನಾನು ಇಬ್ಬರನ್ನೂ ಒಂದುಗೂಡಿಸಲು ಕಟ್ಟಿದ ಕಥೆಯೆಂದು ಭಾವಿಸಿದರು.

ಮಾತಿನಿಂದ ಆಗದುದನ್ನು ಗಿಡವೇ ಮಾಡಬೇಕಾಗಿದ್ದಿತು. 1988ರ ಜುಲೈಯಲ್ಲಿ ಅತ್ತಿಗೆಯ ಗುಲಾಬಿ ಗಿಡದಿಂದ ಮೂರು ಕಡ್ಡಿಗಳನ್ನು ಅವರ ಎದುರಿನಲ್ಲಿಯೇ ಕೊಯ್ದು, ಒಂದೊಂದಕ್ಕೂ ಅವರ ಕೈಯಿಂದಲೇ ಕೆಂಪು ದಾರ ಕಟ್ಟಿಸಿ, ಮಡಿಕೇರಿಗೆ ಒಯ್ದು ಮೆಟ್ಟಿಲ ಪಕ್ಕದಲ್ಲಿ ನೆಟ್ಟು ಬಂದೆನು. ಎರಡು ಉಳಿದುವು. ಈ ಗಿಡ ಹಳೆಯ ರೆಂಬೆಯಲ್ಲಿ ಹೂ ಬಿಡುವಂತಹುದು. ಕತ್ತರಿಸಬೇಡಿರೆಂದು ದೊಡ್ಡಮ್ಮನಿಗೆ ಹೇಳಿದ್ದೆನು. 1990ರ ಮೇ ತಿಂಗಳಲ್ಲಿ ಬಂದ ಮೊದಲ ಗೊಂಚಲು ನೀಲಿಯೂ ಅಲ್ಲ, ಗುಲಾಬಿಯೂ ಅಲ್ಲ, ಮಸುಕಾದ ನೇರಿಳೆ. ದೊಡ್ಡಮ್ಮ ಕಾಗದ ಬರೆಸಿದರು: “ನಿನ್ನ ಗಿಡ ಇನ್ನೂ ಯೋಚಿಸುತ್ತಿದೆ.” ಮರುವರ್ಷದ ಹೂವು ಅಚ್ಚ ನೀಲಿ. ಕೆಂಪು ದಾರ ಬಣ್ಣಗೆಟ್ಟು ಇನ್ನೂ ಬುಡದಲ್ಲಿಯೇ ಇದ್ದಿತು.

ಅತ್ತಿಗೆ ಆ ವಾರವೇ ಮಡಿಕೇರಿಗೆ ಹೋದರು. ನಾನು ಜೊತೆಗೆ ಹೋಗಲಿಲ್ಲ, ಹೋಗತಕ್ಕದ್ದೂ ಅಲ್ಲವೆಂದು ತೋರಿತು. ಅಲ್ಲಿ ಯಾರು ಯಾರಿಗೆ ಏನು ಹೇಳಿದರೆಂಬುದನ್ನು ಇಬ್ಬರೂ ನನಗೆ ತಿಳಿಸಲಿಲ್ಲ. ನಾಲ್ಕು ದಿನದ ಮೇಲೆ ಅತ್ತಿಗೆ ಹಿಂದಿರುಗುವಾಗ ದೊಡ್ಡಮ್ಮನೂ ಅವರೊಡನೆ ಮೈಸೂರಿಗೆ ಬಂದು, ಹದಿನೈದು ದಿನ ಅಣ್ಣನ ಮನೆಯಲ್ಲಿಯೇ ಇದ್ದರು. ಹಿಂದಿನ ಪಾತಿಯ ಗುಲಾಬಿ ಹೂಗಳನ್ನು ನೋಡಿ, “ಇದೂ ಚೆನ್ನಾಗಿಯೇ ಇದೆಯಲ್ಲೇ! ನನಗೂ ಇಂತಹುದು ಇದ್ದಿದ್ದರೆ ಆಗುತ್ತಿತ್ತು” ಎಂದರಂತೆ. ನೀರನ್ನು ತಿಳಿ ಮಾಡಲು ಹಾಕುವ ಸ್ಫಟಿಕವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಬುಡಕ್ಕೆ ಹಾಕಿದರೆ ಹೂ ನೀಲಿಯ ಕಡೆಗೆ ತಿರುಗುತ್ತದೆಂದು ನಾನು ಹೇಳಿದೆನು; ಅತ್ತಿಗೆ ಬೇಡವೆಂದರು.

ದೊಡ್ಡಮ್ಮ 1997ರಲ್ಲಿ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಮಡಿಕೇರಿಯ ಮನೆ ಮಾರಾಟವಾಗಿ, ಕೊಂಡವರು ಕಾರು ನಿಲ್ಲಿಸಲು ಜಾಗ ಬೇಕೆಂದು ಮೆಟ್ಟಿಲುಗಳನ್ನೂ ಪೊದೆಗಳನ್ನೂ ತೆಗೆಸಿದರು. ಅತ್ತಿಗೆಯ ಸುಣ್ಣದ ಮಣ್ಣಿನಲ್ಲಿ ಅದೇ ಗಿಡ ಇಂದಿಗೂ ಗುಲಾಬಿಯಾಗಿ ಹೂ ಬಿಡುತ್ತಿದೆ. ಹೋದ ಮಳೆಗಾಲದಲ್ಲಿ ಅತ್ತಿಗೆಯ ಮೊಮ್ಮಗಳು ಅದರ ಐದು ಕಡ್ಡಿಗಳನ್ನು ಮೂಡಿಗೆರೆಯ ಹತ್ತಿರದ ತನ್ನ ಮನೆಗೆ ಒಯ್ದಿದ್ದಾಳೆ. ಅಲ್ಲಿಯ ಮಣ್ಣು ಎಂತಹುದೆಂದು ಅತ್ತಿಗೆ ಫೋನಿನಲ್ಲಿ ಕೇಳುತ್ತಲೇ ಇದ್ದಾರೆ. ನಾಲ್ಕು ಚಿಗುರಿವೆಯಂತೆ, ಮೊಗ್ಗು ಇನ್ನೂ ಬಂದಿಲ್ಲ.